ಕಟ್ಟಣ್ಣ ನೆಟ್ಟ ಮನೆ

ಮನೆ ಕಟ್ಟುವವರು ಉಂಟು, ಕೊಳ್ಳುವವರು ಉಂಟು, ಕಂಡವರ ಮನೆ ಮುರಿಯುವವರಂತೂ ಧಾರಾಳವಾಗಿ ಉಂಟು. ಆದರೆ ಮನೆಯನ್ನು ನೆಟ್ಟವನು ಆ ಸೀಮೆಯಲ್ಲಿ ಕಟ್ಟಣ್ಣ ಒಬ್ಬನೇ.

ಕಟ್ಟಣ್ಣ ಎನ್ನುವುದು ಅವನ ಹೆಸರಲ್ಲ, ಕಸುಬು. ಪೇಟೆ ಬೀದಿಯ ಮೂಲೆಯಲ್ಲಿ ಅವನದೊಂದು ಅಂಗಡಿ. ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕೆಲಸ. ಮದುವೆಯಾದವರಿಗೆ ಚಿನ್ನದ ಬಣ್ಣದ ಕಟ್ಟು, ಸತ್ತವರಿಗೆ ಕಪ್ಪು ಕಟ್ಟು, ಮೊಳೆ ಮಾತ್ರ ಇಬ್ಬರಿಗೂ ಒಂದೇ. ಹೀಗೆ ಊರಿನ ಮುಖಗಳನ್ನೆಲ್ಲ ನಾಲ್ಕು ಪಟ್ಟಿಗಳ ನಡುವೆ ಕೂರಿಸಿದ ಮಹಾಶಯನಿಗೆ ತನ್ನ ಸಂಸಾರವನ್ನು ನಾಲ್ಕು ಗೋಡೆಗಳ ನಡುವೆ ಕೂರಿಸಲು ಆಗಿರಲಿಲ್ಲ. ಮದುವೆಯಾದಂದಿನಿಂದ ಅವನು ಮಾವನ ಮನೆಯಲ್ಲೇ ಇದ್ದ. ಒಂದೇ ಮಾತಿನಲ್ಲಿ ಹೇಳುವುದಾದರೆ ಮನೆಯಳಿಯ.

ಮಾವನೇನು ಸಾಮಾನ್ಯ ಮಾವನಲ್ಲ. ಕೆಲಸದಲ್ಲಿದ್ದಾಗ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಬರುಹೋಗು ಕೂಗುತ್ತಿದ್ದವರು. ನಿವೃತ್ತಿಯ ದಿನ ಮೈಕನ್ನು ಇಲಾಖೆ ವಾಪಸು ಪಡೆಯಿತು, ಗಂಟಲನ್ನು ಪಡೆಯಲು ಮರೆಯಿತು. ಆಮೇಲೆ ಮನೆಯೇ ನಿಲ್ದಾಣ, ಅಳಿಯನೇ ಬಸ್ಸು. "ಗಮನಿಸಿ! ಅಳಿಯಂದಿರು ಎರಡನೆಯ ಬಾರಿ ಅನ್ನ ಹಾಕಿಸಿಕೊಳ್ಳುತ್ತಿದ್ದಾರೆ!" ಎಂದು ಅವರು ಊಟದ ಮನೆಯಲ್ಲಿ ಕೂತು ಸಾರಿದರೆ ಬೀದಿಯ ಕೊನೆಯ ಮನೆಯವರೂ ತುತ್ತು ನಿಲ್ಲಿಸಿ ಗಮನಿಸುತ್ತಿದ್ದರು. ಅಳಿಯ ಎದ್ದದ್ದು ತಡ, ಬಚ್ಚಲಿಗೆ ಹೋದದ್ದು, ಬಚ್ಚಲಿನಿಂದ ಬರುವುದು ವಿಳಂಬವಾದದ್ದು, ಎಲ್ಲಕ್ಕೂ ಪ್ರಕಟಣೆ.

ಇದನ್ನು ಕೇಳಿ ಕೇಳಿ ಕಟ್ಟಣ್ಣನ ಕಿವಿಗೆ ಜಡ್ಡು ಕಟ್ಟಿತ್ತು. ಜಡ್ಡು ಕಟ್ಟದೆ ಇದ್ದದ್ದು ಅವನ ಹೆಂಡತಿಗೆ. ಅವಳು ಒಂದು ಸಂಜೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು:

"ರೀ, ನನಗೆ ಅರಮನೆ ಬೇಡ. ಎರಡು ಕೋಣೆ, ಒಂದು ಅಡುಗೆಮನೆ. ನಾನು ಬಡಿಸಬೇಕು, ನೀವು ತಿನ್ನಬೇಕು, ಯಾರೂ ಕೂಗಬಾರದು. ಅಮ್ಮ ನನಗೆ ಬಿಟ್ಟು ಹೋದ ಹೊಲದ ತುಂಡು ಇದೆಯಲ್ಲ, ಅಲ್ಲಿ ಕಟ್ಟಿ. ಆಗಲ್ಲ ಅಂದ್ರೆ ಹೇಳಿ, ಒಂದು ದಿನ ಈ ಅನ್ನದ ತಪ್ಪಲೆ ತಂದು ನಿಮ್ಮಿಬ್ಬರ ತಲೆ ಮೇಲೂ ಕವುಚಿ ನಾನೆಲ್ಲಾದರೂ ಹೊರಟುಹೋಗ್ತೀನಿ."

ಅವಳು ಹೇಳಿದರೆ ಮಾಡುವವಳು. ತಪ್ಪಲೆಯೂ ದೊಡ್ಡದು.

ಆದರೆ ಊರಾಚೆಯ ಹೊಲದಲ್ಲಿ ಮನೆ ಕಟ್ಟುವುದೆಂದರೆ ಗೊಂಬೆಮನೆ ಇಟ್ಟ ಹಾಗಲ್ಲ. ಹಳ್ಳಿಗಾಡು ಹಳ್ಳಿಗಾಡಿನ ಹಾಗೆಯೇ ಕಾಣಬೇಕೆಂದು, ಹಳ್ಳಿಯಲ್ಲಿ ಒಂದು ದಿನವೂ ಇರದವರು ಕೂತು ನಿಯಮ ಮಾಡಿದ್ದರು. ಜಮೀನು ಮನೆತನದ್ದೇ ಆಗಿರಬೇಕು. ಅರ್ಜಿ ಹಾಕುವವನು ಆ ಊರಿನಲ್ಲೇ ಇರುವವನಾಗಿರಬೇಕು, ಆದರೆ ಅವನಿಗೆ ಸ್ವಂತ ಮನೆ ಇರಕೂಡದು. ಇವೆಲ್ಲವೂ ಕಟ್ಟಣ್ಣನಿಗೆ ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಕೂತವು. ಮನೆಯಳಿಯನಿಗಿಂತ ಮನೆಯಿಲ್ಲದವನು ಯಾರು? 'ನಾನು ಮಾವನ ಮನೆಯಲ್ಲಿ ಬಿಟ್ಟಿ ಇದ್ದೇನೆ' ಎಂದು ಅರ್ಜಿಯಲ್ಲಿ ಕೈಯಾರೆ ಬರೆದು ರುಜು ಹಾಕಿದ.

ಉಳಿದದ್ದು ಗಳದ ನಿಯಮ. ಇಟ್ಟಿಗೆ ಇಡುವುದಕ್ಕೆ ಮೊದಲು, ಕಟ್ಟಲಿರುವ ಮನೆ ಎಷ್ಟು ಅಗಲ, ಎಷ್ಟು ಎತ್ತರ ಎಂಬುದನ್ನು ಆ ಜಾಗದಲ್ಲೇ ಬಿದಿರಿನ ಗಳ ನೆಟ್ಟು, ಗಳದಿಂದ ಗಳಕ್ಕೆ ಹಗ್ಗ ಎಳೆದು ತೋರಿಸಬೇಕು. ಮೂಲೆಗೊಂದು ಗಳ, ಸೂರಿನ ನೆತ್ತಿಗೊಂದು ಗಳ. ಅಕ್ಕಪಕ್ಕದವರು ಅದನ್ನು ಕಣ್ಣಾರೆ ಕಂಡು, ತಕರಾರು ಇದ್ದರೆ ಹೇಳಬೇಕು. ತಕರಾರು ಇಲ್ಲದಿದ್ದರೆ ಅನುಮತಿ.

ಕಟ್ಟಣ್ಣ ನಕ್ಷೆ ಬರೆಸಿದ. ಹೆಂಡತಿ ಕೇಳಿದ್ದೇ ನಕ್ಷೆಯಲ್ಲಿತ್ತು: ಎರಡು ಕೋಣೆ, ಒಂದು ಅಡುಗೆಮನೆ, ಒಂದೇ ಅಂತಸ್ತು. ಗಳ ಮಾರುವವನು ಗಾಡಿಯ ತುಂಬ ಗಳ ಹೇರಿಕೊಂಡು ಹೊಲಕ್ಕೇ ಬಂದ. ಹೆಂಡತಿ ಗಿಡ್ಡ ಗಳಗಳನ್ನು ಆರಿಸಿ ಪಕ್ಕಕ್ಕಿಟ್ಟಳು. ಎಲ್ಲವೂ ಸರಿಹೋಗುತ್ತಿತ್ತು. ಆದರೆ ಅದೇ ಹೊತ್ತಿಗೆ ಮಾವನಿಗೆ ಗಾಳಿಸೇವನೆಗೆ ಆ ದಾರಿಯೇ ಬೇಕಾಯಿತು.

"ಏನು ಅಳಿಯಂದಿರೇ," ಎಂದು ಅವರು ರಸ್ತೆಯಿಂದಲೇ ಕೂಗಿದರು, "ಕೋಳಿಗೂಡು ಕಟ್ತಿದ್ದೀರಾ?"

ಗಳದವನು ಕಿಸಕ್ಕೆಂದ. ಕಟ್ಟಣ್ಣನ ನೆತ್ತಿಗೆ ಏನೋ ಏರಿತು. ಜನ್ಮದಲ್ಲಿ ಮೊದಲ ಸಲ ಏರಿದ್ದರಿಂದ ಅದಕ್ಕೆ ಇಳಿಯುವ ದಾರಿ ಗೊತ್ತಿರಲಿಲ್ಲ.

"ಇರೋದ್ರಲ್ಲಿ ಉದ್ದನೇದು ಇಳಿಸಯ್ಯಾ!" ಎಂದ.

"ರೀ!" ಎಂದಳು ಹೆಂಡತಿ. "ನಕ್ಷೆಯಲ್ಲಿ ಒಂದೇ ಅಂತಸ್ತು."

"ಅಂತಸ್ತು ಇರಬೇಕಾದ್ದು ಮನೆಗಲ್ಲ ಕಣೇ, ಮನುಷ್ಯನಿಗೆ. ಮನೆ ಚಿಕ್ಕದೇ ಕಟ್ಟೋಣ. ಗಳ ದೊಡ್ಡದು ನೆಡೋಣ. ಸಣ್ಣ ಫೋಟೋಗೆ ದೊಡ್ಡ ಕಟ್ಟು ಹಾಕಿದರೆ ಫೋಟೋನೇ ದೊಡ್ಡದಾಗಿ ಕಾಣುತ್ತೆ. ನನ್ನ ಕಸುಬು ನನಗೆ ಹೇಳಿಕೊಡಬೇಡ."

ಕಸುಬು ಬಲ್ಲವನಿಗೆ ಹೆಂಡತಿ ಏನು ಹೇಳಿಯಾಳು? ಸಂಜೆಯ ಹೊತ್ತಿಗೆ ಹೊಲದಲ್ಲಿ ಎರಡಂತಸ್ತಿನ ಭವ್ಯ ಸೌಧ ಎದ್ದು ನಿಂತಿತ್ತು, ಗಾಳಿಯಲ್ಲಿ. ಮುಂದಕ್ಕೆ ಚಾಚಿದ ಹಗ್ಗದ ಬಾಲ್ಕನಿ. ನಡುವೆ ಹಗ್ಗದ ಹಜಾರ. ನೆತ್ತಿಯ ಗಳಕ್ಕೆ ಕೆಂಪು ಬಟ್ಟೆ ಕಟ್ಟಿ, ಅದಕ್ಕೊಂದು ಕಳಸದ ಗೌರವವನ್ನೂ ಕಟ್ಟಣ್ಣ ದಯಪಾಲಿಸಿದ್ದ.

ಊರು ನೋಡಲು ಬಂತು. ಕಟ್ಟಣ್ಣ ಕೈಕಟ್ಟಿ ನಿಂತು ಸ್ವಾಗತಿಸಿದ. "ಬನ್ನಿ ಬನ್ನಿ, ಇದು ಹಜಾರ. ಅಲ್ಲಿಂದಲ್ಲ, ಬಾಗಿಲಿಂದ ಬನ್ನಿ." ಮಾವ ಮಾತ್ರ ಬಾಗಿಲನ್ನು ಲೆಕ್ಕಿಸದೆ ನೇರ ನುಗ್ಗಿದರು.

"ಮಾವ! ಗೋಡೆ! ಗೋಡೆ ತುಳೀತಿದ್ದೀರಿ!"

ಮಾವ ಬೆಚ್ಚಿ ಹಾರಿ ನಿಂತರು. ಬುಡದಲ್ಲಿ ಒಂದು ಹಗ್ಗ ಬಿಟ್ಟರೆ ಏನೂ ಇರಲಿಲ್ಲ. ಆದರೆ ಹಾರಿದ್ದು ಹಾರಿಯಾಗಿತ್ತು, ಹತ್ತು ಜನ ನೋಡಿಯೂ ಆಗಿತ್ತು. ಇಲ್ಲದ ಗೋಡೆಗೆ ಹೆದರಿದ ಅವಮಾನದಿಂದ ಅವರು ಮಹಡಿಯ ಕಡೆ ಕತ್ತೆತ್ತಿ ನೋಡಿ, ಒಂದು ಪ್ರಕಟಣೆಯನ್ನೂ ಮಾಡದೆ ಹೊರಟುಹೋದರು. ಕಟ್ಟಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. ಆ ದಿನ ಊಟದ ಮನೆ ನಿಶ್ಶಬ್ದವಾಗಿತ್ತು. ಅವನು ನಾಲ್ಕು ಸಲ ಅನ್ನ ಹಾಕಿಸಿಕೊಂಡ.

ತಕರಾರು ಮಾರನೆಯ ಬೆಳಗಿನಿಂದ ಶುರುವಾಯಿತು.

ಮೊದಲು ಬಂದವಳು ಪಕ್ಕದ ತೋಟದ ಕೋಳಿ ಅತ್ತೆ. ಕೋಳಿ ಸಾಕುವವಳಾದ್ದರಿಂದ ಅವಳಿಗೆ ಆ ಹೆಸರು. ಯಾವ ಮಾತನ್ನೂ ಎರಡೆರಡು ಸಲ ಹೇಳದೆ ಬಿಡುತ್ತಿರಲಿಲ್ಲ, ಕೇಳುವವರೂ ಕೋಳಿಗಳೇ ಎಂಬ ಹಾಗೆ.

"ಏನಪ್ಪಾ ಕಟ್ಟಣ್ಣ, ನಿನ್ನ ಬಾಲ್ಕನಿಯಿಂದ ನನ್ನ ಬಚ್ಚಲು ಕಾಣುತ್ತಪ್ಪಾ, ನನ್ನ ಬಚ್ಚಲು! ನಿನ್ನೆಯಿಂದ ಸ್ನಾನ ಮಾಡಿಲ್ಲ ನಾನು, ಸ್ನಾನ ಮಾಡಿಲ್ಲ!"

"ಅತ್ತೆ, ಅಲ್ಲಿ ಬಾಲ್ಕನಿ ಎಲ್ಲಿದೆ? ಬರೀ ಹಗ್ಗ."

"ಹಗ್ಗ ಆದರೇನು, ನಾಚಿಕೆ ನಾಚಿಕೆಯೇ ಅಲ್ವಾ! ನಿನ್ನ ಮಹಡಿ ನೆರಳು ಬಿದ್ದು ಕೋಳಿಗಳು ಮೊಟ್ಟೆ ಇಡೋದು ನಿಲ್ಲಿಸಿವೆ, ನಿಲ್ಲಿಸಿವೆ!"

ಗಾಳಿಯ ಮಹಡಿಗೆ ನೆರಳು ಹೇಗೆ ಬಿತ್ತು ಎಂದು ಕೇಳುವಷ್ಟರಲ್ಲಿ ಹಿಂದಿನಿಂದ ನಿವೃತ್ತ ಅಂಚೆಯವರು ಬಂದರು. ಊರಿನ ಕಾಗದಗಳನ್ನೆಲ್ಲ ಒಂದೋ ತಡವಾಗಿ ಇಲ್ಲವೇ ತಪ್ಪು ಮನೆಗೆ ಕೊಟ್ಟು ನಿವೃತ್ತರಾದವರು. ಈಗ ಪ್ರತಿ ಮಾತಿನ ಕೊನೆಗೂ ವಿಚಾರಿಸಿಕೊಳ್ಳುತ್ತಿದ್ದರು.

"ನನ್ನ ಕಿಟಕಿಯಿಂದ ಗುಡ್ಡ ಕಾಣುತ್ತೆ. ತಲುಪಿತಾ? ಆ ಗುಡ್ಡ ನೋಡ್ಕೊಂಡೇ ನಾನು ನಿವೃತ್ತನಾಗಿದ್ದೀನಿ. ಈಗ ಗುಡ್ಡಕ್ಕೂ ನನಗೂ ಮಧ್ಯೆ ನಿನ್ನ ಗಳ. ತಲುಪಿತಾ?"

"ಗಳದ ಸಂದಿಯಿಂದ ಗುಡ್ಡ ಕಾಣುತ್ತಲ್ಲ ಸಾರ್?"

"ಕಾಣುತ್ತೆ. ಆದರೆ ಮನಸ್ಸಿಗೆ ಕಾಣಲ್ಲ. ತಲುಪಿತಾ?"

ತಲುಪಬೇಕಾದಲ್ಲಿಗೆ ತಲುಪಿತು. ಅಂಚೆಯವರ ಜೀವಮಾನದಲ್ಲಿ ಸರಿಯಾದ ವಿಳಾಸಕ್ಕೆ ಸರಿಯಾದ ಹೊತ್ತಿಗೆ ಹೋದ ಕಾಗದವೆಂದರೆ ಕಟ್ಟಣ್ಣನ ಮೇಲಿನ ಆ ತಕರಾರು ಒಂದೇ.

ನಿಯಮದ ಕಚೇರಿಯಲ್ಲಿ ಮೇಜೊಂದು, ಕುರ್ಚಿ ಮೂರು. ಒಂದರಲ್ಲಿ ಸಾಹೇಬರು, ಒಂದರಲ್ಲಿ ಅವರ ಊಟದ ಡಬ್ಬಿ, ಮೂರನೆಯದಕ್ಕೆ ಕಾಲು ಮುರಿದು ಅದು ಗೋಡೆಗೆ ಒರಗಿ ವಿಶ್ರಾಂತಿ ಪಡೆಯುತ್ತಿತ್ತು. ಕಟ್ಟಣ್ಣ ನಿಂತ. ಸಾಹೇಬರು ಸಣಕಲು ಮನುಷ್ಯ. 'ಸದರಿ' ಎಂಬ ಊರುಗೋಲಿಲ್ಲದೆ ಅವರ ಮಾತು ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ.

"ಸದರಿ ಗಳಗಳು ನಿಮ್ಮವೋ?"

"ಹೌದು ಸಾರ್. ಆದರೆ ಸುಮ್ನೆ ನೆಟ್ಟದ್ದು."

"ಸುಮ್ನೆ ಅಂದರೆ ಯಾವ ಉದ್ದೇಶಕ್ಕೆ?"

"ಮಾವನಿಗೆ ತೋರಿಸೋ ಉದ್ದೇಶಕ್ಕೆ."

ಸಾಹೇಬರು ನಿಯಮದ ಪುಸ್ತಕ ತೆರೆದು ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿದರು. ವಸತಿಯ ಉದ್ದೇಶವಿತ್ತು, ಕೃಷಿಯ ಉದ್ದೇಶವಿತ್ತು, ದನ ಕಟ್ಟುವ ಉದ್ದೇಶವೂ ಇತ್ತು.

"ಸದರಿ ಪುಸ್ತಕದಲ್ಲಿ ಮಾವ ಇಲ್ಲ," ಎಂದು ತೀರ್ಪು ಕೊಟ್ಟರು.

"ನಕ್ಷೆ ನೋಡಿ ಸಾರ್, ಕೈಮುಗೀತೀನಿ. ಮನೆ ಚಿಕ್ಕದು."

"ನಕ್ಷೆ ನೋಡೋನು ನಾನೊಬ್ಬ. ಗಳ ನೋಡಿದ್ದು ಇಡೀ ಊರು. ಸದರಿ ನಕ್ಷೆಗೂ ಸದರಿ ಗಳಕ್ಕೂ ವ್ಯಾಜ್ಯ ಬಂದರೆ ನಿಯಮ ಗಳದ ಕಡೆ."

"ಹಾಗಾದರೆ ಗಳ ಕತ್ತರಿಸಿಬಿಡ್ತೀನಿ ಸಾರ್. ಈಗಲೇ ಹೋಗಿ..."

ಸಾಹೇಬರು ಹೌಹಾರಿದರು. "ತಕರಾರು ಬಂದ ಗಳ ಮುಟ್ಟೀರಿ, ಜೋಕೆ! ನಾನು ಬಂದು ನೋಡೋತನಕ ಸದರಿ ಮನೆ ಸುಸ್ಥಿತಿಯಲ್ಲಿ ಇರತಕ್ಕದ್ದು."

ಹೀಗಾಗಿ ಕಟ್ಟಣ್ಣ ಅಂಗಡಿ ಮುಚ್ಚಿ ಇಲ್ಲದ ಮನೆಯ ರಿಪೇರಿಗೆ ನಿಂತ. ಗಾಳಿ ಬೀಸಿದರೆ ಹಜಾರ ಜೋಲುತ್ತಿತ್ತು. ಹಸುವೊಂದು ಬಂದು ಬೆನ್ನು ತುರಿಸಿಕೊಂಡಾಗ ಎರಡನೆಯ ಅಂತಸ್ತು ಒಂದು ಪಕ್ಕಕ್ಕೆ ವಾಲಿತು. ಏಣಿ ಹತ್ತಿ ಬಾಲ್ಕನಿಯ ಹಗ್ಗ ಬಿಗಿಯುತ್ತಿದ್ದವನನ್ನು ಕಂಡು ಕೋಳಿ ಅತ್ತೆ, "ನೋಡ್ತಿದ್ದಾನೆ! ಬಚ್ಚಲು ನೋಡ್ತಿದ್ದಾನೆ!" ಎಂದು ಎರಡು ತೋಟಕ್ಕೆ ಕೇಳುವ ಹಾಗೆ ಕಿರುಚಿದಳು.

"ಮನೆ ಕಟ್ಟಿಲ್ಲ, ಮಾನ ಮಾತ್ರ ಹೋಯ್ತು," ಎಂದಳು ಹೆಂಡತಿ. "ತಪ್ಪಲೆ ತೊಳೆದಿಟ್ಟಿದ್ದೀನಿ, ನೆನಪಿರಲಿ."

ಕಡೆಗೊಂದು ಮಧ್ಯಾಹ್ನ ಸಾಹೇಬರು ಅಳತೆಪಟ್ಟಿ ಹಿಡಿದು ಬಂದರು. ಊರು ಅವರ ಬೆನ್ನಿಗೇ ಬಂತು. ಕೋಳಿ ಅತ್ತೆ ಆಕಾಶಕ್ಕೆ ಬೆರಳು ಮಾಡಿ, "ಅಲ್ಲಿಂದ ಸಾಹೇಬ್ರೇ, ಅಲ್ಲಿಂದ!" ಎಂದಳು. ಸಾಹೇಬರು ಆ ಕಡೆ ನೋಡಿದರು. ಆಮೇಲೆ ಬಚ್ಚಲ ಕಡೆ ನೋಡಿದರು. ಮತ್ತೆ ಆಕಾಶ. ಬರೆದುಕೊಳ್ಳುತ್ತಾ ಗಟ್ಟಿಯಾಗಿ ಓದಿದರು: "ಸದರಿ ಗಾಳಿಯಿಂದ ಸದರಿ ಬಚ್ಚಲು ಕಾಣುವ ಸಂಭವ ದೃಢಪಟ್ಟಿದೆ."

ಅಂಚೆಯವರಿಗೆ ಅಷ್ಟರಲ್ಲೇ ಸಮಾಧಾನವಾಗಲಿಲ್ಲ. "ಸಾಹೇಬ್ರೇ, ಒಂದು ಮಾತು. ಸ್ವಂತ ಸೂರಿಲ್ಲದೋನು ಎರಡಂತಸ್ತು ಏರಿಸ್ತಾನಾ? ಇವನಿಗೆ ಮನೆ ಇದ್ದೇ ಇರುತ್ತೆ. ವಿಚಾರಿಸಿ. ತಲುಪಿತಾ?"

ಇಂಥ ವಿಷಯ ಸಾಹೇಬರಿಗೆ ಬಹಳ ಬೇಗ ತಲುಪುತ್ತದೆ. ಮೆರವಣಿಗೆ ಮಾವನ ಮನೆಗೆ ತಿರುಗಿತು.

ಮಾವ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಕಟ್ಟಣ್ಣನಿಗೆ ಧೈರ್ಯ ಬಂತು. ಇನ್ನೇನು ಚಿಂತೆ? ತಾನು ಬಿಟ್ಟಿ ಕೂಳಿನವನೆಂದು ಇಷ್ಟು ವರ್ಷ ಸಾರಿದ ಗಂಟಲೇ ಎದುರಿಗಿದೆ. ಇಂಥ ಸಾಕ್ಷಿ ಯಾವ ಅರ್ಜಿದಾರನಿಗೆ ಸಿಕ್ಕೀತು?

ಸಾಹೇಬರು ಊರಿನ ಎದುರಿಗೆ ಅರ್ಜಿ ಬಿಚ್ಚಿ ಓದಿದರು. "ಸದರಿ ಅಳಿಯ ಸದರಿ ಮಾವನ ಮನೆಯಲ್ಲಿ ಬಿಟ್ಟಿಯಾಗಿ ಇದ್ದಾನೆ. ನಿಜವೋ?"

ಮಾವನ ಮುಖ ಕೆಂಪೇರಿತು. ತಾವೇ ಸಾರುವುದು ಬೇರೆ, ಯಾರೋ ಕಚೇರಿಯವನು ಬಂದು ತಮ್ಮ ಮಗಳ ಗಂಡನನ್ನು ಊರ ಮುಂದೆ ಬಿಟ್ಟಿಯವನು ಎಂದು ಓದುವುದು ಬೇರೆ. ಬಿಟ್ಟಿಯವನಿಗೆ ಮಗಳನ್ನು ಕೊಟ್ಟವರು ಯಾರು ಎಂದು ಊರು ಕೇಳುವುದಿಲ್ಲವೇ?

"ಯಾರ್ರೀ ಹಾಗಂದೋನು?"

"ನಾನೇ ಮಾವ!" ಎಂದ ಕಟ್ಟಣ್ಣ ಉತ್ಸಾಹದಿಂದ. "ಹೇಳಿ ಮಾವ, ನಾನು ದಂಡಪಿಂಡ ಅಂತ ಹೇಳಿ. ನಿನ್ನೆ ತಾನೇ ಅಂದ್ರಲ್ಲ!"

"ಛೆ ಛೆ! ದಂಡಪಿಂಡ? ವಜ್ರ ಸ್ವಾಮಿ, ವಜ್ರದಂಥ ಅಳಿಯ!"

"ಇಲ್ಲ ಸಾರ್, ಕಲ್ಲು. ಬರೀ ಕಲ್ಲು. ಅನ್ನ ಹಾಕಿಸಿಕೊಂಡಾಗೆಲ್ಲ ಇವರು ಕೂಗ್ತಾರೆ, ಬೇಕಾದ್ರೆ ಬೀದಿಯವರನ್ನ ಕೇಳಿ."

"ಕೂಗ್ತೀನಿ! ಅಭಿಮಾನದಿಂದ ಕೂಗ್ತೀನಿ! ಅವನ ಅನ್ನ, ಅವನು ತಿಂತಾನೆ!"

"ನನ್ನದಲ್ಲ ಸಾರ್! ಒಂದು ಅಗುಳೂ ನನ್ನದಲ್ಲ! ಈ ಅಂಗಿ ಕೂಡ ಇವರೇ ಕೊಡಿಸಿದ್ದು!"

"ಸುಳ್ಳು! ಅಂಗಿ ಅವನದೇ! ಚಡ್ಡಿನೂ ಅವನದೇ!"

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಸಲ ಬೈಯಿರಿ ಮಾವ!"

ಮಾವ ಬೈಯಲಿಲ್ಲ. ಇಷ್ಟು ವರ್ಷಗಳಲ್ಲಿ ಬೈಗುಳ ಬೇಕಾದದ್ದು ಅದೊಂದೇ ದಿನ, ಅಂದೇ ಸರಬರಾಜು ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನಿಂತು ಗಂಡನನ್ನೂ ಅಪ್ಪನನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. ಇಬ್ಬರಲ್ಲಿ ಯಾರು ಹೆಚ್ಚು ಬೆಪ್ಪು ಎಂಬ ತೀರ್ಮಾನ ಸುಲಭವಾಗಿರಲಿಲ್ಲ.

"ಹಾಗಾದರೆ," ಎಂದು ಸಾಹೇಬರು ಲೇಖನಿಯ ಮುಚ್ಚಳ ತೆಗೆದರು, "ಸದರಿ ಮನೆ ಯಾರದು?"

ಮಾವ ಎದ್ದು ನಿಂತರು. ಎದೆ ಉಬ್ಬಿತು. ಹಳೆಯ ಗಂಟಲು ನಿಲ್ದಾಣದ ಎತ್ತರಕ್ಕೆ ಏರಿತು.

"ಗಮನಿಸಿ! ಈ ಮನೆ ನನ್ನ ಅಳಿಯಂದಿರದು! ಕೊಟ್ಟು ಎಷ್ಟೋ ಕಾಲವಾಯಿತು! ನಾನೇ ಅವರ ನೆರಳಿನಲ್ಲಿ ಇದ್ದೇನೆ!"

ಊರು ಚಪ್ಪಾಳೆ ತಟ್ಟಿತು. ಚಪ್ಪಾಳೆಯ ಅಮಲಿನಲ್ಲೇ ಮಾವ ಸಾಹೇಬರು ತೋರಿಸಿದ ಕಡೆಯಲ್ಲೆಲ್ಲ ರುಜು ಹಾಕಿದರು. ಸಾಕ್ಷಿಯಾಗಿ ಅಂಚೆಯವರು ಹಾಕಿದರು, ಕೋಳಿ ಅತ್ತೆ ಎರಡು ಸಲ ಹಾಕಿದಳು.

ಮಾರನೆಯ ವಾರ ಕಟ್ಟಣ್ಣನ ಅರ್ಜಿ ವಜಾ ಆಯಿತು. ಸ್ವಂತ ಮನೆ ಇರುವವನಿಗೆ ಹೊಲದಲ್ಲಿ ಮನೆ ಇಲ್ಲ. ಕೋಳಿ ಅತ್ತೆ ನಕ್ಕು ನಕ್ಕು ಸ್ನಾನ ಮಾಡಿ, ಉದ್ದನೆಯ ಗಳಗಳನ್ನು ಕಿತ್ತೊಯ್ದು ಕೋಳಿಗಳಿಗೆ ಬೇಲಿ ಹಾಕಿಕೊಂಡಳು.

ಆದರೆ ವಜಾ ಆದ ಸಂಜೆ ಊಟಕ್ಕೆ ಕೂತಾಗ ಮಾವ ಎಂದಿನಂತೆ ಗಂಟಲು ಸರಿಮಾಡಿಕೊಂಡು, "ಗಮನಿಸಿ! ಅಳಿಯಂದಿರು..." ಎಂದದ್ದೇ ತಡ, ಕಟ್ಟಣ್ಣ ತಟ್ಟೆಯಿಂದ ತಲೆ ಎತ್ತಿದ.

"ಯಾರ ಮನೇಲಿ ಕೂಗ್ತಿದ್ದೀರಿ ಮಾವ?"

"ಆಂ?"

"ಸರ್ಕಾರದ ಪ್ರಕಾರ ಇದು ನನ್ನ ಮನೆ. ನೀವು ನನ್ನ ನೆರಳು. ನೆರಳು ಕೂಗಬಾರದು." ಎಂದವನು, ಹೆಂಡತಿಯ ಕಡೆ ತಿರುಗಿ, ಮಾವನದೇ ಧಾಟಿಯಲ್ಲಿ, ಮಾವನದೇ ಗಂಟಲಿನಲ್ಲಿ ಸಾರಿದ: "ಗಮನಿಸಿ! ಮಾವನವರು ಎರಡನೆಯ ಬಾರಿ ಸಾರು ಬಡಿಸಿಕೊಳ್ಳುತ್ತಿದ್ದಾರೆ!"

ಅಂದಿನಿಂದ ಆ ಮನೆಯಲ್ಲಿ ಎರಡು ಮೈಕು. ಮಾವ ಬಚ್ಚಲಿಗೆ ಹೋದರೆ ಅಳಿಯನ ಪ್ರಕಟಣೆ, ಅಳಿಯ ಬಂದರೆ ಮಾವನ ತಿದ್ದುಪಡಿ. ಜಗಲಿಯ ಕುರ್ಚಿಗಾಗಿ ಇಬ್ಬರೂ ಬೆಳಕು ಹರಿಯುವ ಮೊದಲೇ ಏಳತೊಡಗಿದರು. ಬೀದಿಯಲ್ಲಿ ಹೊಸ ಮಾತು ಹುಟ್ಟಿತು: ಮನೆಯಳಿಯ ಎಲ್ಲ ಕಡೆ ಇರುತ್ತಾನೆ, ಮನೆಮಾವ ಇಲ್ಲಿ ಮಾತ್ರ. ಒಂದು ಕೂಗಿನಿಂದ ತಪ್ಪಿಸಿಕೊಳ್ಳಲು ಹೊರಟಿದ್ದ ಹೆಂಡತಿಗೆ ಈಗ ಎರಡು ಕೂಗು. ಅವಳು ತಪ್ಪಲೆಯನ್ನೊಮ್ಮೆ ನೋಡಿದಳು. ಇಷ್ಟು ಕೂಗುವ ಎರಡು ತಲೆಗೆ ಒಂದು ತಪ್ಪಲೆ ಸಾಲದೆಂದು ಅನ್ನಿಸಿತೋ ಏನೋ, ಸೆರಗು ಸಿಕ್ಕಿಸಿ ಅಪ್ಪನ ಪಕ್ಕದಲ್ಲಿ ಹೋಗಿ ಕೂತಳು.

"ಅಪ್ಪ, ನಿನಗೀಗ ಮನೆಯಿಲ್ಲ."

"ನೀನೂ ಶುರುಮಾಡಿದ್ಯಾ?"

"ಕಚೇರಿಗೆ ಹೋಗಿ ಕೇಳಿಕೊಂಡು ಬಂದೆ. ಸೂರಿಲ್ಲದ ಹಿರಿಯರು, ಮಗಳ ಹೊಲ, ಧಾರಾಳವಾಗಿ ಅರ್ಜಿ ಹಾಕಬಹುದಂತೆ. ನಿನ್ನದು ಅಂತ ಒಂದು ಮನೆ ಬೇಡ್ವಾ? ಊರೆಲ್ಲ ನಿನ್ನನ್ನ ಮನೆಮಾವ ಅಂತಿದೆ."

ಮಾವ ಚಪ್ಪಲಿ ಮೆಟ್ಟಿಕೊಂಡು ಆಗಲೇ ಅರ್ಜಿ ಹಾಕಲು ಹೊರಟರು. ಗಳ ನೆಡುವ ದಿನ ಮಾತ್ರ ಅವಳು ಅಪ್ಪನನ್ನೂ ಕರೆಯಲಿಲ್ಲ, ಗಂಡನನ್ನೂ ಕರೆಯಲಿಲ್ಲ. ಗಿಡ್ಡ ಗಳಗಳನ್ನು ತಾನೇ ನೆಟ್ಟು ತಾನೇ ಹಗ್ಗ ಎಳೆದಳು. ಕೋಳಿ ಅತ್ತೆ ಅದನ್ನು ಬಟ್ಟೆ ಒಣಹಾಕುವ ತಂತಿಯೆಂದು ತಿಳಿದು ಹೊದಿಕೆ ಹರವಿ ಹೋದಳು. ಅಂಚೆಯವರಿಗೆ ಅದು ತಲುಪಲೇ ಇಲ್ಲ. ತಕರಾರಿಲ್ಲದ ಮನೆಯನ್ನು ಕಂಡು ಸಾಹೇಬರಿಗೇ ಕಸಿವಿಸಿಯಾಯಿತು. ಪುಸ್ತಕ ಎರಡು ಸಲ ಮಗುಚಿ, ಬೇರೆ ದಾರಿ ಕಾಣದೆ ಅನುಮತಿ ಕೊಟ್ಟರು.

ಮನೆ ಎದ್ದಿತು. ಎರಡು ಕೋಣೆ, ಒಂದು ಅಡುಗೆಮನೆ. ಹೆಂಡತಿ ಪಾತ್ರೆಪಗಡಗಳನ್ನು ಗಾಡಿಗೆ ಹೇರಿದಳು. ಕಟ್ಟಣ್ಣ ಹೊಸ ಅಂಗಿ ತೊಟ್ಟು, ಕಡೆಗೂ ಮಾವನ ಮನೆ ಬಿಟ್ಟ ಗತ್ತಿನಲ್ಲಿ ಹೊಸ ಹೊಸ್ತಿಲು ದಾಟಿದ. ಮುಂದಿನ ಕೋಣೆಯಲ್ಲಿ ಮಾವ ಕಾಲು ಚಾಚಿ ಕೂತಿದ್ದರು.

"ಚಪ್ಪಲಿ ಹೊರಗೆ ಬಿಡಪ್ಪಾ," ಎಂದರು. "ಅನುಮತಿ ಯಾರ ಹೆಸರಲ್ಲಿದೆ ಗೊತ್ತಲ್ಲ? ಇದು ಮಾವನ ಮನೆ."

ಕಟ್ಟಣ್ಣನಿಗೆ ತಟ್ಟನೆ ಹೊಳೆಯಿತು. "ಹಾಗೋ? ಸರಿ! ನಾನು ನನ್ನ ಮನೆಗೆ ಹೋಗಿ ಜಗಲಿ ಕುರ್ಚಿ ಮೇಲೆ ಕೂತ್ಕೋತೀನಿ. ಅಲ್ಲಿರೋ ನಿಮ್ಮ ಮಂಚ, ಟ್ರಂಕು, ಬೀದಿಗೆ!"

"ನನ್ನ ಟ್ರಂಕು ಮುಟ್ಟೀಯಾ!"

ಕಟ್ಟಣ್ಣ ಓಡಿದ. ಮಾವ ಪಂಚೆ ಎತ್ತಿಕಟ್ಟಿ ಹಿಂದೆಯೇ ಓಡಿದರು. "ಗಮನಿಸಿ! ಅಳಿಯಂದಿರು..." "ಗಮನಿಸಿ! ಮಾವನವರು..." ಎರಡು ಪ್ರಕಟಣೆಗಳೂ ಒಂದರ ಮೇಲೊಂದು ಬಿದ್ದು, ಹೊಲ ದಾಟಿ, ರಸ್ತೆ ದಾಟಿ, ದೂರದೂರ ಹೋದವು.

ಹೆಂಡತಿ ಬಾಗಿಲಿಗೆ ಬಂದು ಇಬ್ಬರೂ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಆಮೇಲೆ ಬಾಗಿಲು ಹಾಕಿ, ಒಳಗಿನಿಂದ ಚಿಲಕ ಸರಿಸಿ, ಹೊಸ ಒಲೆ ಹೊತ್ತಿಸಿ ಚಹಾಕ್ಕೆ ನೀರಿಟ್ಟಳು, ಒಂದೇ ಲೋಟ.